ಊರಿಗೆ ಹೊರಟಾಗಲೂ ಮಾತ್ರೆ ಜೊತೆಗಿರಲಿ: ಎಚ್‌ಐವಿ ಬಗ್ಗೆ ಓದುಗರ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಂದ ಎಚ್‌ಐವಿ ಕುರಿತು ಬಂದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ನನಗೆ ಹೋಟೆಲಿನಲ್ಲಿ ಕೆಲಸ. ಮೂರು ವರ್ಷದಿಂದ ಎಆರ್‌ಟಿ (ಎಚ್‌ಐವಿ ಹತೋಟಿಯ ಔಷಧ) ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈ ಸಲದ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ವರದಿಯಲ್ಲಿ ವೈರಸ್ ಪತ್ತೆಯಾಗಿಲ್ಲ ಅಂತ ಬಂದಿದೆ. ತಂಗಿಯ ಮದುವೆಗೆ ಎರಡು ತಿಂಗಳು ಕುಂದಾಪುರಕ್ಕೆ ಹೋಗಬೇಕು, ಮನೆಯವರಿಗೆ ವಿಷಯ ಗೊತ್ತಿಲ್ಲ. ವೈರಸ್ಸೇ ಇಲ್ಲವೆಂದ ಮೇಲೆ ಅಷ್ಟು ದಿನ ಮಾತ್ರೆ ಬಿಟ್ಟರೆ ಆಗುವುದಿಲ್ಲವೇ? (ಅಂಧೇರಿ)

ಉತ್ತರ: ಬಿಡಬೇಡಿ. ಪತ್ತೆಯಾಗಿಲ್ಲ ಎಂದರೆ ಯಂತ್ರದ ಎಣಿಕೆಗೆ ಸಿಗದಷ್ಟು ಕಡಿಮೆಯಾಗಿದೆ ಎಂದು ಅರ್ಥ, ಹೊರಟುಹೋಗಿದೆ ಎಂದಲ್ಲ. ಎಚ್‌ಐವಿ ತನ್ನ ವಂಶವಾಹಿಯನ್ನು ರೋಗದೊಡನೆ ಹೋರಾಡುವ ನಮ್ಮ ಸಿಡಿ4 ರಕ್ತಕಣಗಳ ಡಿಎನ್‌ಎಯೊಳಗೇ ಹೆಣೆದುಬಿಡುತ್ತದೆ. ಅಂಥ ಕೆಲವು ಕಣಗಳು ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತವೆ. ಕಳೆ ಕಿತ್ತ ಹೊಲದ ಮಣ್ಣಿನಲ್ಲಿ ಬೀಜ ಉಳಿದಿರುವ ಹಾಗೆ. ವೈರಸ್ ಮರಿ ಮಾಡುವುದನ್ನು ಔಷಧ ತಡೆಯುತ್ತದೆ, ಆದರೆ ಮಲಗಿದ ಕಣಗಳನ್ನು ಮುಟ್ಟುವುದಿಲ್ಲ. ಮಾತ್ರೆ ನಿಲ್ಲಿಸಿದ ಎರಡರಿಂದ ನಾಲ್ಕು ವಾರದೊಳಗೆ ಹೆಚ್ಚಿನವರಲ್ಲಿ ವೈರಸ್ ಮತ್ತೆ ರಕ್ತಕ್ಕೆ ಇಳಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ಮಾತ್ರೆ ಟಿಎಲ್‌ಡಿ ಆಗಿದ್ದರೆ ಅದರಲ್ಲಿ ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಇರುತ್ತವೆ. ನಿಲ್ಲಿಸಿದಾಗ ಮೂರೂ ಒಂದೇ ವೇಗದಲ್ಲಿ ಮೈಯಿಂದ ಇಳಿಯುವುದಿಲ್ಲ. ಒಂದೆರಡು ಮಾತ್ರ ಅರೆಬರೆ ಉಳಿದ ದಿನಗಳಲ್ಲಿ ವೈರಸ್ ಅವುಗಳಿಗೆ ಜಗ್ಗದಂತೆ ರೂಪ ಬದಲಿಸುತ್ತದೆ. ಬಿಟ್ಟು ಬಿಟ್ಟು ನುಂಗುವವರಿಗೆ ಮುಂದೆ ಅದೇ ಮಾತ್ರೆ ಕೆಲಸಕ್ಕೆ ಬಾರದಂತಾಗುವುದು ಹೀಗೆ. ಜೊತೆಗೆ ಹೆಪಟೈಟಿಸ್ ಬಿ ಇದ್ದವರಲ್ಲಿ ಟೆನೊಫೊವಿರ್, ಲಾಮಿವುಡಿನ್ ಅದನ್ನೂ ಹತೋಟಿಯಲ್ಲಿ ಇಟ್ಟಿರುತ್ತವೆ. ಅವರು ಒಮ್ಮೆಲೇ ನಿಲ್ಲಿಸಿದರೆ ಯಕೃತ್ತು ಕೆರಳಿ ಕಾಮಾಲೆಯಾಗಬಹುದು, ಪ್ರಾಣಕ್ಕೂ ಬರಬಹುದು.

ಹೊರಡುವ ಎರಡು ವಾರ ಮೊದಲೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಪ್ರಯಾಣದ ತಾರೀಖು ಹೇಳಿ. ವೈರಲ್ ಲೋಡ್ ಹತೋಟಿಯಲ್ಲಿದ್ದು ತಪ್ಪದೆ ಬರುವವರಿಗೆ ಮೂರು ತಿಂಗಳವರೆಗಿನ ಮಾತ್ರೆ ಒಟ್ಟಿಗೆ ಕೊಡುವ ವ್ಯವಸ್ಥೆಯಿದೆ. ಅಷ್ಟು ಸಿಗದಿದ್ದರೂ ಕೇಂದ್ರದವರು ಕೊಟ್ಟ ನಿಮ್ಮ ಹಸಿರು ಚಿಕಿತ್ಸಾ ಪುಸ್ತಕ ಜೊತೆಗಿದ್ದರೆ ಉಡುಪಿಯ ಎಆರ್‌ಟಿ ಕೇಂದ್ರದಲ್ಲಿ ಪ್ರಯಾಣಿಕ ರೋಗಿಯಾಗಿ ಮಾತ್ರೆ ಪಡೆಯಬಹುದು. ಹೆಸರನ್ನು ಅಲ್ಲಿಗೆ ವರ್ಗಾಯಿಸಬೇಕಾಗಿಲ್ಲ. ಎರಡು ತಿಂಗಳಿಗೆ 60 ಬೇಕಾದರೆ 70 ಕೇಳಿ. ಮಳೆಗಾಲದಲ್ಲಿ ರೈಲು ನಿಲ್ಲುವುದೂ ಉಂಟು, ಮದುವೆಮನೆಯಿಂದ ಬರುವುದು ತಡವಾಗುವುದೂ ಉಂಟು.

ಡಬ್ಬಿಯ ಮೇಲಿನ ಹೆಸರು ಯಾರಾದರೂ ಓದಿಬಿಟ್ಟಾರು ಎಂಬ ಭಯದಿಂದ ಹಲವರು ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಒಯ್ಯುತ್ತಾರೆ. ಕರಾವಳಿಯ ತೇವಕ್ಕೆ ಅವು ಕೆಡುತ್ತವೆ. ಬೇರೆ ಡಬ್ಬಿಗೆ ಹಾಕಲೇಬೇಕಾದರೆ ಬಿಗಿಯಾದ ಮುಚ್ಚಳದ ಒಣ ಡಬ್ಬಿಗೆ ಹಾಕಿ, ಮೂಲ ಡಬ್ಬಿಯೊಳಗಿನ ತೇವ ಹೀರುವ ಪುಟ್ಟ ಪೊಟ್ಟಣವನ್ನೂ ಅದರೊಳಗೆ ಇಡಿ. ಮಾತ್ರೆಯನ್ನು ಊಟದ ಜೊತೆಗೂ ತಗೊಳ್ಳಬಹುದು, ಖಾಲಿ ಹೊಟ್ಟೆಗೂ ಆದೀತು. ನಿತ್ಯದ ಹೊತ್ತಿಗೆ ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಮಾತ್ರೆಗೆ ನಾಲ್ಕು ಗಂಟೆಯೂ ಉಳಿದಿಲ್ಲವೆಂದರೆ ಮಾತ್ರ ಅದನ್ನು ಬಿಟ್ಟು ಮುಂದಿನದನ್ನೇ ತಗೊಳ್ಳಿ. ಎರಡು ಒಟ್ಟಿಗೆ ಬೇಡ. ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಸ್ಥಿತಿಯಲ್ಲಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಮಾತ್ರೆ ಬಿಟ್ಟರೆ ಆ ರಕ್ಷಣೆಯೂ ಹೋಯಿತು.

ಪ್ರಶ್ನೆ: ನಮ್ಮೂರು ಬಾದಾಮಿ ಕಡಿ, ಈಗ ವಾಸ್ಕೋದಾಗ ಇರ್ತೀವ್ರಿ. ನಮ್ಮ ಯಜಮಾನ್ರಿಗೆ ಎರಡ ತಿಂಗಳ ಕೆಮ್ಮು ಇತ್ತು, ಟಿಬಿ ಅಂದ್ರು. ಆಮ್ಯಾಲ ಎಚ್‌ಐವಿನೂ ಅದ ಅಂದ್ರು. ಟಿಬಿ ಗುಳಗಿ ಸುರು ಮಾಡ್ಯಾರ, ಎಚ್‌ಐವಿ ಗುಳಗಿ ಹತ್ತ ದಿನ ಬಿಟ್ಟ ಕೊಡ್ತೀವಿ ಅಂತಾರ. ಎರಡೂ ಕೂಡೇ ಕೊಟ್ರ ಲಗೂ ಆರಾಮ ಆಗೂದಿಲ್ಲೇನ್ರಿ? (ವಾಸ್ಕೋ)

ಉತ್ತರ: ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ. ಎಚ್‌ಐವಿ ಇದ್ದವರ ಸಾವಿಗೆ ಅತಿ ದೊಡ್ಡ ಕಾರಣ ಟಿಬಿ, ಆದ್ದರಿಂದ ಮೊದಲು ಅದರ ಗುಳಿಗೆ. ಅದು ಮೈಗೆ ಒಗ್ಗಿತೋ ಇಲ್ಲವೋ, ಯಕೃತ್ತಿಗೆ ತೊಂದರೆಯಾಯಿತೋ ಎಂದು ನೋಡಿಕೊಂಡು ಎರಡು ವಾರದೊಳಗೆ ಎಚ್‌ಐವಿ ಮಾತ್ರೆ ಶುರು ಮಾಡುತ್ತಾರೆ. ಮಿದುಳಿನ ಪೊರೆಯ ಟಿಬಿ ಆಗಿದ್ದರೆ ಮಾತ್ರ ನಾಲ್ಕರಿಂದ ಎಂಟು ವಾರ ಕಾಯುತ್ತಾರೆ.

ಕಾಯುವುದಕ್ಕೆ ಕಾರಣವಿದೆ. ಎಚ್‌ಐವಿ ಮಾತ್ರೆಯಿಂದ ರೋಗನಿರೋಧಕ ಶಕ್ತಿ ಮರಳುವಾಗ, ಮೈಯಲ್ಲಿ ಉಳಿದಿರುವ ಟಿಬಿ ರೋಗಾಣುವಿನ ಮೇಲೆ ಅದು ಒಮ್ಮೆಲೇ ಎರಗುತ್ತದೆ. ಆಗ ಜ್ವರ ಮರುಕಳಿಸಬಹುದು, ಕುತ್ತಿಗೆಯ ಗಂಟು ದೊಡ್ಡದಾಗಬಹುದು, ಉಸಿರಾಟ ಬಿಗಿಯಾಗಬಹುದು. ‘ಹೊಸ ಗುಳಿಗೆ ಒಗ್ಗಲಿಲ್ಲ’ ಎಂದು ಎರಡನ್ನೂ ಬಿಟ್ಟು ಊರಿಗೆ ಹೋಗುವವರು ಹೆಚ್ಚಾಗಿ ಈ ಹಂತದಲ್ಲೇ ಹೋಗುತ್ತಾರೆ. ಹಾಗೆ ಮಾಡಬೇಡಿ, ಆಸ್ಪತ್ರೆಗೆ ಬನ್ನಿ. ಇದಕ್ಕೆ ಔಷಧವಿದೆ, ಸಾಮಾನ್ಯವಾಗಿ ಎರಡೂ ಚಿಕಿತ್ಸೆಯನ್ನು ಮುಂದುವರಿಸಿಯೇ ಗುಣಪಡಿಸುತ್ತಾರೆ.

ಇನ್ನೊಂದು ಸಂಗತಿಯನ್ನು ಯಜಮಾನರ ಪುಸ್ತಕದ ಮೇಲೆ ಬರೆಸಿಕೊಳ್ಳಿ. ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ರಕ್ತದಲ್ಲಿ ಡೊಲುಟೆಗ್ರಾವಿರ್‌ನ ಪ್ರಮಾಣವನ್ನು ಇಳಿಸಿಬಿಡುತ್ತದೆ. ಅದಕ್ಕೆ ಟಿಎಲ್‌ಡಿ ಮಾತ್ರೆ ನುಂಗಿದ 12 ಗಂಟೆಗೆ 50 ಮಿಲಿಗ್ರಾಂನ ಡೊಲುಟೆಗ್ರಾವಿರ್ ಇನ್ನೊಂದು ಬೇಕು. ಟಿಬಿ ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಅದು ನಡೆಯಬೇಕು. ಒಂದು ಊರಿನಿಂದ ಇನ್ನೊಂದು ಊರಿನ ಕೇಂದ್ರಕ್ಕೆ ಹೋದಾಗ ಬಿಟ್ಟುಹೋಗುವುದು ಈ ಹೆಚ್ಚುವರಿ ಮಾತ್ರೆಯೇ. ಸಿಡಿ4 ಎಣಿಕೆ 350ಕ್ಕಿಂತ ಕೆಳಗಿದ್ದರೆ ನ್ಯುಮೋನಿಯಾ ಮೊದಲಾದ ಸೋಂಕು ಬಾರದಂತೆ ಕೋಟ್ರೈಮಾಕ್ಸಜೋಲ್ 960 ಮಿಲಿಗ್ರಾಂ ದಿನಕ್ಕೊಂದು ಕೊಡುತ್ತಾರೆ. ಅದು ಬೇರೆ, ಈ ಹೆಚ್ಚುವರಿ ಡೊಲುಟೆಗ್ರಾವಿರ್ ಬೇರೆ.

ಟಿಬಿ ಗುಳಿಗೆಯ ಸಂಖ್ಯೆ ತೂಕದ ಮೇಲೆ ನಿಂತಿದೆ. 35ರಿಂದ 49 ಕಿಲೋ ಇದ್ದರೆ ದಿನಕ್ಕೆ ಮೂರು, 50ರಿಂದ 64 ಇದ್ದರೆ ನಾಲ್ಕು. ಯಜಮಾನರು ಚೇತರಿಸಿಕೊಂಡು ತೂಕ ಏರಿದಂತೆ ಮತ್ತೆ ತೂಗಿಸಿ ಕೇಳಿ. ಟಿಬಿ ರೋಗಿಗಳ ಆಹಾರಕ್ಕೆ ಸರಕಾರ ನೆರವು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯ ವಿವರ ಕೊಟ್ಟಿದ್ದೀರೋ ಇಲ್ಲವೋ ನೋಡಿಕೊಳ್ಳಿ, ಹಣ ತಡವಾಗುವುದು ಅದರಿಂದಲೇ. ನೀವೂ ಮಕ್ಕಳೂ ಎಚ್‌ಐವಿ, ಟಿಬಿ ಎರಡರ ತಪಾಸಣೆಯನ್ನೂ ಈ ವಾರವೇ ಮಾಡಿಸಿಕೊಳ್ಳಿ. ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಈ ನಾಲ್ಕರಲ್ಲಿ ಒಂದಿದ್ದರೂ ಹೇಳಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಮಾಡಿದ ಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂತು, ಮಾತ್ರೆ ಶುರುವಾಗಿದೆ. ಗಂಡನಿಗೆ ನೆಗೆಟಿವ್ ಬಂದಿದೆ. ಮನೆಯಲ್ಲಿ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಮಗುವಿಗೆ ಬರುತ್ತದೆಯೇ? ಎದೆಹಾಲು ಕೊಡಬಾರದು ಅಂತ ಅತ್ತೆ, ಕೊಡಬಹುದು ಅಂತ ನರ್ಸ್. (ಪಿಂಪ್ರಿ)

ಉತ್ತರ: ಚಿಕಿತ್ಸೆಯೇ ಇಲ್ಲದಿದ್ದರೆ ನೂರು ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿ ಮಾತ್ರೆ ತಪ್ಪಿಸದೆ, ಮಗುವಿಗೂ ಔಷಧ ಕೊಟ್ಟರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಹೆರಿಗೆಯ ಹೊತ್ತಿಗೆ ವೈರಸ್ ಪತ್ತೆಯಾಗದ ಮಟ್ಟದಲ್ಲಿದ್ದರೆ ಇನ್ನೂ ಕಡಿಮೆ. ನಿಮಗೆ ನಾಲ್ಕು ತಿಂಗಳು ಸಮಯವಿದೆ, ಅದು ಸಾಲುವಷ್ಟಿದೆ. 32ರಿಂದ 36ನೇ ವಾರದ ನಡುವೆ ವೈರಲ್ ಲೋಡ್ ಪರೀಕ್ಷೆ ಆಗಲೇಬೇಕು. ಮಗುವಿಗೆ ಎಷ್ಟು ಔಷಧ, ಎಷ್ಟು ದಿನ ಎಂಬುದು ಆ ಅಂಕಿಯ ಮೇಲೆ ನಿಂತಿದೆ. ಹೆರಿಗೆಗೆ ತವರಿಗೆ ಹೋಗುವುದಾದರೆ ಆ ವರದಿಯ ಪ್ರತಿ ಕೈಯಲ್ಲಿರಲಿ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ. ಹುಟ್ಟಿದ ಕೂಡಲೇ ಮಗುವಿಗೆ ನೆವಿರಾಪಿನ್ ಸಿರಪ್ ಶುರುಮಾಡಿ ಆರು ವಾರ ಕೊಡುತ್ತಾರೆ. ತಾಯಿಯ ವೈರಲ್ ಲೋಡ್ ಹೆಚ್ಚಿದ್ದರೆ ಅವಧಿ 12 ವಾರಕ್ಕೆ ಏರಬಹುದು, ಇನ್ನೊಂದು ಔಷಧವೂ ಸೇರಬಹುದು. ಆರನೇ ವಾರದಲ್ಲಿ ಹಿಮ್ಮಡಿಯಿಂದ ರಕ್ತದ ಹನಿಗಳನ್ನು ವಿಶೇಷ ಕಾಗದದ ಮೇಲೆ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದೇ ವಾರ ಕೋಟ್ರೈಮಾಕ್ಸಜೋಲ್ ಸಿರಪ್ಪೂ ಆರಂಭ. ಮತ್ತೆ 6, 12, 18ನೇ ತಿಂಗಳಲ್ಲಿ ಪರೀಕ್ಷೆ. ದೊಡ್ಡವರಿಗೆ ಮಾಡುವ ಪ್ರತಿಕಾಯ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಪರೀಕ್ಷೆಯನ್ನು ಎಳೆಗೂಸಿಗೆ ಮಾಡಿಸಿ ಗಾಬರಿಯಾಗಬೇಡಿ. ತಾಯಿಯ ಪ್ರತಿಕಾಯಗಳು ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಇರಬಹುದಾದ್ದರಿಂದ ಸೋಂಕಿಲ್ಲದ ಮಗುವಿಗೂ ಪಾಸಿಟಿವ್ ಬರುತ್ತದೆ.

ಹಾಲಿನ ವಿಷಯದಲ್ಲಿ ನರ್ಸ್ ಹೇಳಿದ್ದು ಸರಿ. ನೀವು ಮಾತ್ರೆ ತಗೊಳ್ಳುತ್ತಾ ಮೊದಲ ಆರು ತಿಂಗಳು ಬರೀ ಎದೆಹಾಲು ಕೊಡಿ. ನೀರು, ಜೇನು, ಬಜೆ, ಡಬ್ಬಿ ಹಾಲು ಯಾವುದೂ ಬೇಡ. ಎದೆಹಾಲು, ಮೇಲುಹಾಲು ಎರಡನ್ನೂ ಬೆರೆಸಿ ಕೊಡುವುದು ಎಲ್ಲಕ್ಕಿಂತ ಅಪಾಯದ್ದು. ಹೊರಗಿನ ಆಹಾರ ಕೂಸಿನ ಕರುಳಿನ ಒಳಪದರವನ್ನು ಕೆರೆದರೆ ವೈರಸ್ಸಿಗೆ ದಾರಿಯಾಗುತ್ತದೆ. ಡಬ್ಬಿ ಹಾಲೇ ಕ್ಷೇಮವೆಂದು ನಂಬಿದ ಬೋಟ್ಸ್ವಾನಾದಲ್ಲಿ 2006ರ ಆಸುಪಾಸು ಭಾರೀ ಮಳೆಯ ನಂತರ ಭೇದಿ ಹರಡಿ ಡಬ್ಬಿ ಹಾಲಿನ ಶಿಶುಗಳು ಹೆಚ್ಚಾಗಿ ಸತ್ತವು. ಶುದ್ಧ ನೀರು ಖಾತ್ರಿಯಿಲ್ಲದ ಕಡೆ ಎದೆಹಾಲಿಗೆ ಬದಲಿಯಿಲ್ಲ. ಮೊಲೆತೊಟ್ಟು ಬಿರಿದು ರಕ್ತ ಬಂದರೆ ಆ ಬದಿ ಮಾಯುವವರೆಗೆ ಹಾಲು ಹಿಂಡಿ ಚೆಲ್ಲಿ, ಇನ್ನೊಂದು ಬದಿ ಕುಡಿಸಿ.

ಮನೆಯವರ ಅನುಮಾನಕ್ಕೆ ಉತ್ತರ: ದಂಪತಿಯಲ್ಲಿ ಒಬ್ಬರಿಗಿದ್ದು ಒಬ್ಬರಿಗಿಲ್ಲದಿರುವುದು ಸಾಮಾನ್ಯ. ಸೋಂಕು ಯಾವಾಗ, ಎಲ್ಲಿಂದ ಬಂತು ಎಂದು ಈ ಪರೀಕ್ಷೆ ಹೇಳುವುದಿಲ್ಲ. ನಮ್ಮಲ್ಲಿ ಗರ್ಭಿಣಿಯರನ್ನು ತಪ್ಪದೆ ಪರೀಕ್ಷಿಸುತ್ತಾರೆ, ಗಂಡಸರನ್ನು ಹಾಗೆ ಮಾಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಮೊದಲು ಗೊತ್ತಾಗುವುದು ಹೆಣ್ಣಿನದ್ದು, ದೂರು ಬೀಳುವುದೂ ಅವಳ ಮೇಲೆಯೇ. ಇದು ಅನ್ಯಾಯ. ನಿಮ್ಮ ಗಂಡ ಮೂರು ತಿಂಗಳ ನಂತರ ಇನ್ನೊಮ್ಮೆ ಪರೀಕ್ಷೆ ಮಾಡಿಸಲಿ, ನಿಮ್ಮ ವೈರಲ್ ಲೋಡ್ ಇಳಿದದ್ದು ಖಚಿತವಾಗುವವರೆಗೆ ಕಾಂಡೋಮ್ ಬಳಸಲಿ.

ಪ್ರಶ್ನೆ: ಒಂದೇ ಖೋಲಿಯಲ್ಲಿ ಎಂಟು ಜನ ಇದ್ದೇವೆ, ಒಬ್ಬನಿಗೆ ಎಚ್‌ಐವಿ ಇದೆ ಅಂತ ಗೊತ್ತಾಯಿತು. ತಟ್ಟೆ, ಸಂಡಾಸು, ಸೊಳ್ಳೆಯಿಂದ ಬರುತ್ತದೆಯೇ? (ಸಾಕಿನಾಕಾ)

ಉತ್ತರ: ಬರುವುದಿಲ್ಲ. ಸೊಳ್ಳೆಯ ಮೈಯಲ್ಲಿ ಈ ವೈರಸ್ ಬೆಳೆಯುವುದಿಲ್ಲ. ಶೇವಿಂಗ್ ಬ್ಲೇಡು ಮಾತ್ರ ಪ್ರತಿಯೊಬ್ಬರದು ಬೇರೆ ಇರಲಿ, ಹೆಪಟೈಟಿಸ್ ಬಿ ಕಾರಣಕ್ಕೂ ಅದು ಒಳ್ಳೆಯದು. ಗೋವಾದ ಬೀಚಿನಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗ ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಶಾಯಿಯ ಬಟ್ಟಲೂ ಹೊಸದಿರಬೇಕು. ಆ ಗೆಳೆಯನ ಜೊತೆ ಉಣ್ಣಿ, ಅವನನ್ನು ಖೋಲಿ ಬಿಡಿಸಬೇಡಿ.

ಪ್ರಶ್ನೆ: ಒಮ್ಮೆ ಕಾಂಡೋಮ್ ಇಲ್ಲದೆ ಸಂಪರ್ಕವಾಯಿತು. ಮೂರು ವಾರಕ್ಕೆ ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್. ನಂಬಬಹುದೇ? (ಡೊಂಬಿವಲಿ)

ಉತ್ತರ: ಈಗಲೇ ಪೂರ್ತಿ ನಂಬುವಂತಿಲ್ಲ. ಬೆರಳಿನ ರಕ್ತದ ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಪ್ರತಿಕಾಯವನ್ನು. ಅದು ಪತ್ತೆಯಾಗುವಷ್ಟಾಗಲು ಮೂರು ತಿಂಗಳವರೆಗೂ ಹಿಡಿಯಬಹುದು. ವೈರಸ್ಸಿನದೇ ಪ್ರೋಟೀನಾದ ಪಿ24 ಪ್ರತಿಜನಕವನ್ನೂ ನೋಡುವ ನಾಲ್ಕನೇ ತಲೆಮಾರಿನ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ. ನಿಮ್ಮ ವರದಿಯಲ್ಲಿ ಯಾವ ಪರೀಕ್ಷೆ ಎಂದು ಓದಿ, 45ನೇ ದಿನ ದಾಟಿದ ಮೇಲೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಸರಕಾರಿ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷಾ ಕೇಂದ್ರ) ಇದು ಉಚಿತ, ಗೋಪ್ಯ. ಅಲ್ಲಿ ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾದ ಮೇಲೆಯೇ ಪಾಸಿಟಿವ್ ಎನ್ನುತ್ತಾರೆ. ಒಂದೇ ಕಿಟ್‌ನ ಫಲಿತಾಂಶ ನೋಡಿ ಕೈಚೆಲ್ಲಿ ಕೂರಬೇಡಿ. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ. ಪರೀಕ್ಷೆ ನೆಗೆಟಿವ್ ತೋರಿಸುವ ದಿನಗಳೇ ಹೆಚ್ಚು ಹರಡುವ ದಿನಗಳೂ ಆಗಿರಬಹುದು. ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಸಂಪರ್ಕ ಬೇಡ, ರಕ್ತದಾನವೂ ಬೇಡ.

ಇದನ್ನು ಓದುವ ಇತರರಿಗೆ: ಅಪಾಯದ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲದಿದ್ದರೆ ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಎರಡು ಗಂಟೆಯೊಳಗೆ ಸಿಕ್ಕರೆ ಉತ್ತಮ, 28 ದಿನ ತಪ್ಪದೆ ನುಂಗಬೇಕು. ಆಸ್ಪತ್ರೆ ಕೆಲಸದವರಿಗೆ ಸೂಜಿ ಚುಚ್ಚಿದರೂ ಇದೇ ಚಿಕಿತ್ಸೆ. ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬ್ಲೀಚ್ ಹಾಕಬೇಡಿ. ಸೋಂಕಿತ ರಕ್ತದ ಸೂಜಿ ಚುಚ್ಚಿದಾಗ ಅಪಾಯ ಸಾವಿರಕ್ಕೆ ಸುಮಾರು ಮೂರು. ರಾತ್ರಿ ಎಆರ್‌ಟಿ ಕೇಂದ್ರ ಮುಚ್ಚಿದ್ದರೆ ದೊಡ್ಡ ಸರಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಅಂತ ರಕ್ತ ತೆಗೆದರು. ಆಮೇಲೆ ಎಚ್‌ಐವಿ ಇದೆ, ರಾಜೀನಾಮೆ ಕೊಡು ಅನ್ನುತ್ತಿದ್ದಾರೆ. (ಭೋಸರಿ)

ಉತ್ತರ: ರಾಜೀನಾಮೆ ಬರೆದುಕೊಡಬೇಡಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ ಪ್ರಕಾರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಕೆಲಸಕ್ಕೆ ಅದನ್ನು ಷರತ್ತು ಮಾಡುವಂತಿಲ್ಲ, ಸೋಂಕಿದೆ ಎಂದು ಕೆಲಸದಿಂದ ತೆಗೆಯುವಂತಿಲ್ಲ. ಈ ಕಾಯ್ದೆಗೂ ಮೊದಲೇ, 1997ರಲ್ಲಿ ಬಾಂಬೆ ಹೈಕೋರ್ಟ್ ದಿನಗೂಲಿ ಕಾರ್ಮಿಕನೊಬ್ಬನ ಪ್ರಕರಣದಲ್ಲಿ ಕೆಲಸ ಮಾಡಲು ಶಕ್ತನಾದವನನ್ನು ಎಚ್‌ಐವಿ ಕಾರಣಕ್ಕೆ ದೂರವಿಡುವಂತಿಲ್ಲ ಎಂದಿತ್ತು. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆ ದೂರು ಅಧಿಕಾರಿಯನ್ನು ನೇಮಿಸಲೇಬೇಕು. ನಡೆದದ್ದನ್ನು ತಾರೀಖಿನೊಂದಿಗೆ ಬರೆದು ಅವರಿಗೆ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ನಿಲ್ಲುವುದಿಲ್ಲ. ಮುಂದಿನ ದಾರಿ ಈ ಕಾಯ್ದೆಯಡಿ ದೂರು ವಿಚಾರಿಸುವ ರಾಜ್ಯದ ಓಂಬುಡ್ಸ್‌ಮನ್. ಸಹಾಯವಾಣಿ 1097ಕ್ಕೆ ಕರೆ ಉಚಿತ. ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಹೆಸರು ಮುಚ್ಚಿಟ್ಟು ವಿಚಾರಣೆ ನಡೆಸಲು ಕೋರುವ ಅವಕಾಶವೂ ಆ ಕಾಯ್ದೆಯಲ್ಲೇ ಇದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಎಚ್‌ಐವಿ ಬಡ ದೇಶಗಳನ್ನೇ ಯಾಕೆ ಇಷ್ಟು ಕಾಡಿತು? ಈಗ ಕಡಿಮೆಯಾಗಿದೆಯೇ? (ಮಾಟುಂಗಾ)

ಉತ್ತರ: 2024ರ ಕೊನೆಗೆ ಜಗತ್ತಿನಲ್ಲಿ ಸುಮಾರು 4.08 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಆ ವರ್ಷ ಸುಮಾರು 13 ಲಕ್ಷ ಮಂದಿಗೆ ಹೊಸದಾಗಿ ಸೋಂಕು ತಗಲಿತು, 6.3 ಲಕ್ಷ ಮಂದಿ ಸತ್ತರು. 2004ರಲ್ಲಿ ಸತ್ತವರು ಸುಮಾರು 21 ಲಕ್ಷ. ಕಡಿಮೆಯಾಗಿದೆ ಎಂಬುದು ನಿಜ, ಮುಗಿದಿಲ್ಲ ಎಂಬುದೂ ನಿಜ. ಅತಿ ಹೆಚ್ಚು ಹೊರೆ ಆಫ್ರಿಕಾದ ದಕ್ಷಿಣ, ಪೂರ್ವ ಭಾಗದ ಮೇಲಿದೆ. ದಕ್ಷಿಣ ಆಫ್ರಿಕಾ ಒಂದರಲ್ಲೇ 80 ಲಕ್ಷದ ಹತ್ತಿರ, ಅದರ ನೆರೆಯ ಪುಟ್ಟ ದೇಶ ಎಸ್ವಾಟಿನಿಯಲ್ಲಿ ವಯಸ್ಕರಲ್ಲಿ ನಾಲ್ವರಿಗೊಬ್ಬರು. ಭಾರತದಲ್ಲಿ ಸುಮಾರು 25 ಲಕ್ಷ, ವಯಸ್ಕರಲ್ಲಿ ನೂರಕ್ಕೆ 0.2. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರ, ಕರ್ನಾಟಕ ಮುಂದಿವೆ.

ಬಡತನವೇ ಸೋಂಕು ತರುವುದಿಲ್ಲ. ಬಡತನ ಜನರನ್ನು ಮನೆ ಬಿಡಿಸುತ್ತದೆ. ದಕ್ಷಿಣ ಆಫ್ರಿಕಾದ ಗಣಿಗಳು ಸುತ್ತಲಿನ ದೇಶಗಳ ಗಂಡಸರನ್ನು ತಂದು, ಹೆಂಡತಿ ಮಕ್ಕಳಿಲ್ಲದ ಹಾಸ್ಟೆಲುಗಳಲ್ಲಿ ತಿಂಗಳುಗಟ್ಟಲೆ ಇಟ್ಟವು. ಸೋಂಕು ಗಣಿಯಿಂದ ಹಳ್ಳಿಗೆ ನಡೆದುಹೋಯಿತು. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಮುಂಬಯಿ, ಪುಣೆ, ಗೋವಾಕ್ಕೆ ದುಡಿಯಲು ಬಂದವರ ದಾರಿಯಲ್ಲೂ ಅದೇ ಆಯಿತು. ಚಿಕಿತ್ಸೆ ಕಾಣದ ಗುಹ್ಯರೋಗಗಳ ಹುಣ್ಣು ವೈರಸ್ಸಿಗೆ ಬಾಗಿಲು ತೆರೆಯಿತು. ಹೆಂಗಸರಿಗೆ ಕಾಂಡೋಮ್ ಬೇಕು ಎನ್ನುವ ಸ್ವಾತಂತ್ರ್ಯವಿರಲಿಲ್ಲ. ದುಡಿಯುವ ವಯಸ್ಸಿನವರೇ ಸತ್ತದ್ದರಿಂದ ಬೋಟ್ಸ್ವಾನಾದಲ್ಲಿ ಸರಾಸರಿ ಆಯುಷ್ಯ 60ರ ಆಸುಪಾಸಿನಿಂದ 50ರ ಆಸುಪಾಸಿಗೆ ಕುಸಿಯಿತು, ಮಕ್ಕಳು ಅಜ್ಜಿಯರ ಕೈಗೆ ಬಂದರು.

ಔಷಧ 1996ರ ಹೊತ್ತಿಗೇ ಇತ್ತು. ಆದರೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ ಬೆಲೆ. ಅದನ್ನು ಮುರಿದದ್ದು ನಿಮ್ಮದೇ ಊರಿನ ಕಂಪನಿ. 2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡಲು ಮುಂದೆ ಬಂದರು. ಆಗಿನ ಭಾರತದ ಪೇಟೆಂಟ್ ಕಾನೂನು ಔಷಧಕ್ಕಲ್ಲದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದುದರಿಂದ ಇದು ಸಾಧ್ಯವಾಯಿತು. ಇಂದು ಜನೆರಿಕ್ ಟಿಎಲ್‌ಡಿ ಬಡ ದೇಶಗಳಿಗೆ ವರ್ಷಕ್ಕೆ 45 ಡಾಲರಿಗೂ ಕೆಳಗೆ ಸಿಗುತ್ತದೆ. ಭಾರತದಲ್ಲಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಆರಂಭವಾಯಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಪಾಸಿಟಿವ್ ಬಂದವರಿಗೆಲ್ಲ ಚಿಕಿತ್ಸೆ.

ಬೆಲೆ ಇಳಿದ ಮೇಲೂ ತಡಮಾಡಿದ ಸರಕಾರಗಳು ಜನರ ಪ್ರಾಣವನ್ನೇ ತೆತ್ತವು. ಅಧ್ಯಕ್ಷ ಥಾಬೋ ಎಂಬೆಕಿ ಏಡ್ಸ್‌ಗೆ ಎಚ್‌ಐವಿ ಕಾರಣವೆಂಬುದನ್ನೇ ಅನುಮಾನಿಸುತ್ತಾ ಔಷಧ ತಡೆಹಿಡಿದ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾ 3.3 ಲಕ್ಷಕ್ಕೂ ಹೆಚ್ಚು ಜೀವ ಕಳೆದುಕೊಂಡಿತೆಂದು ಹಾರ್ವರ್ಡ್‌ನ ಸಂಶೋಧಕರು ಲೆಕ್ಕ ಹಾಕಿದ್ದಾರೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ದಿಢೀರನೆ ನಿಲ್ಲಿಸಿದಾಗ ಆಫ್ರಿಕಾದ ಎಷ್ಟೋ ಚಿಕಿತ್ಸಾಲಯಗಳಿಗೆ ಬೀಗ ಬಿತ್ತು. ಒಂದು ದಿನವೂ ನಿಲ್ಲಬಾರದ ಚಿಕಿತ್ಸೆ ಬೇರೆ ದೇಶದ ಬಜೆಟ್ಟಿನ ಮೇಲೆ ನಿಂತಿರುವುದು ನಮಗೆ ಅತಿ ಹೆಚ್ಚು ಆತಂಕದ ವಿಷಯ.

ಪ್ರಶ್ನೆ: ಎಚ್‌ಐವಿ ಮಾತ್ರೆ ಜೊತೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಸಿರಪ್, ರಕ್ತಕ್ಕೆ ಕಬ್ಬಿಣದ ಮಾತ್ರೆ ತಗೊಳ್ಳುತ್ತೇನೆ. ಪರವಾಗಿಲ್ಲವೇ? (ಮಡಗಾಂವ್)

ಉತ್ತರ: ಹೊತ್ತು ನೋಡಿ ತಗೊಳ್ಳಬೇಕು. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಗ್ಯಾಸಿನ ಸಿರಪ್ ಹೊಟ್ಟೆಯಲ್ಲೇ ಡೊಲುಟೆಗ್ರಾವಿರನ್ನು ಹಿಡಿದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಟಿಎಲ್‌ಡಿ ನುಂಗಿ ಎರಡು ಗಂಟೆ ಕಳೆದ ಮೇಲೆ ಸಿರಪ್ ಕುಡಿಯಿರಿ. ಸಿರಪ್ ಮೊದಲು ಕುಡಿದಿದ್ದರೆ ಆರು ಗಂಟೆ ಬಿಟ್ಟು ಟಿಎಲ್‌ಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ, ಆದರೆ ಊಟದ ಜೊತೆಗಾದರೆ ಟಿಎಲ್‌ಡಿಯೊಂದಿಗೇ ತಗೊಳ್ಳಬಹುದು. ಡೊಲುಟೆಗ್ರಾವಿರ್ ಇದ್ದಾಗ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚು ನಿಲ್ಲುವುದರಿಂದ ದಿನಕ್ಕೆ ಒಟ್ಟು 1000 ಮಿಲಿಗ್ರಾಂ ದಾಟಬಾರದು. ನಿಮ್ಮದು ಅದಕ್ಕಿಂತ ಹೆಚ್ಚಿದ್ದರೆ ನೀವಾಗಿ ಕಡಿಮೆ ಮಾಡದೆ ಸಕ್ಕರೆ ಕಾಯಿಲೆಯ ವೈದ್ಯರಿಗೆ ಟಿಎಲ್‌ಡಿ ಡಬ್ಬಿಯನ್ನೇ ತೋರಿಸಿ. ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಾಜೆಪಿನ್ ತಗೊಳ್ಳುವವರೂ ಹೇಳಲೇಬೇಕು, ಅವು ಡೊಲುಟೆಗ್ರಾವಿರ್ ಪ್ರಮಾಣ ಇಳಿಸುತ್ತವೆ. ಸಕ್ಕರೆ ಕಾಯಿಲೆಯೂ ಟೆನೊಫೊವಿರ್ ಕೂಡ ಮೂತ್ರಪಿಂಡದ ಮೇಲೆ ಭಾರ ಹಾಕುವುದರಿಂದ ಕ್ರಿಯಾಟಿನಿನ್ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಕೇಳಿ ಮಾಡಿಸಿ. ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನ್ಯಾಕ್ ತಂದು ದಿನಾ ನುಂಗಬೇಡಿ. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕು.